ಗಜ್ಜರಿ ಬೆಳೆಗೆ ಮಣ್ಣಿನ ಬಿಸಿ: ನನ್ನ ಅನುಭವ

ಗಜ್ಜರಿ (ಕ್ಯಾರೆಟ್) ಬೀಜ ಮೊಳೆಯೋಕೆ ಬೆಚ್ಚನೆ ಮಣ್ಣು ಬೇಕು, ಗಡ್ಡೆ ತುಂಬೋಕೆ ತಂಪು ಮಣ್ಣು. ಮುಧೋಳ ಕಡೆಯ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಯಾವಾಗ ಬಿತ್ತಬೇಕು ಅಂತ ಇದೊಂದನ್ನೇ ನೋಡಿ ತೀರ್ಮಾನ ಮಾಡುತ್ತೇನೆ.

ಇದಕ್ಕೆ ಉದ್ದ ಕಡ್ಡಿಯ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಗಡ್ಡೆ ಬೆಳೆಯುವ ಆಳ, ಅಂದರೆ ನಾಲ್ಕು ಇಂಚು ಒಳಗೆ ಚುಚ್ಚಿ ಮುಂಜಾನೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ನೋಡುತ್ತೇನೆ. ನೆತ್ತಿ ಸುಡುವ ಹೊತ್ತಿನಲ್ಲಿ ನೋಡಿ ಉಪಯೋಗವಿಲ್ಲ, ಬಿಸಿಲು ಅಷ್ಟು ಆಳಕ್ಕೆ ಇಳಿಯೋದು ತಡ. 'ಏನ್ ತಮ್ಮಾ, ಮಣ್ಣಿಗೂ ಜ್ವರ ಬಂದೈತೇನು?' ಅಂತ ಪಕ್ಕದ ಹೊಲದ ಕಾಕಾ ಕೇಳುತ್ತಲೇ ಇರುತ್ತಾರೆ.

ಮಣ್ಣು 25 ಡಿಗ್ರಿ ಆಸುಪಾಸು ಇದ್ದರೆ ಬೀಜ ಸುಮಾರು ಒಂದು ವಾರಕ್ಕೆ ಏಳುತ್ತದೆ. 35 ದಾಟಿದರೆ ಸಾಲಿನ ತುಂಬ ಖಾಲಿ ಜಾಗ. ಚಳಿಯಲ್ಲಿ ಬಿತ್ತಿದರೆ ಎರಡು ವಾರ ಕಾಯಬೇಕು, ಅಷ್ಟರಲ್ಲಿ ಕಸ (ಕಳೆ) ಮುಂದೆ ಹೋಗಿರುತ್ತದೆ. ಹಾಗಾಗಿ ದಸರಾ ಮುಗಿದು ಮಣ್ಣಿನಲ್ಲಿ ಇನ್ನೂ ಬಿಸಿ ಇರುವಾಗಲೇ ಬಿತ್ತುತ್ತೇನೆ. ಗಡ್ಡೆ ದಪ್ಪವಾಗುವ ಹೊತ್ತಿಗೆ ಡಿಸೆಂಬರ್ ಚಳಿ ಸಿಗುತ್ತದೆ.

ಗಡ್ಡೆಯ ಬಣ್ಣ, ಉದ್ದ, ಸಿಹಿ ಎಲ್ಲಾ ನಿಂತಿರೋದು ಈ ತಂಪಿನ ಮೇಲೆಯೇ. 15ರಿಂದ 20 ಡಿಗ್ರಿ ಒಳಗೆ ಬಣ್ಣ ಚೆನ್ನಾಗಿ ಕೂರುತ್ತದೆ. ಬಿಸಿ ಜಾಸ್ತಿಯಾದರೆ ಎಲೆ ಕಳಿಸಿದ ಸಕ್ಕರೆಯನ್ನು ಬೇರು ಉಸಿರಾಟಕ್ಕೇ ಖರ್ಚು ಮಾಡಿಬಿಡುತ್ತದೆ. ಆಗ ಗಡ್ಡೆ ಮೋಟು, ಬಣ್ಣ ಸಪ್ಪೆ. ನಮ್ಮ ಬಾಗಲಕೋಟೆ ಬಿಸಿಲಿಗೆ 20ರ ಒಳಗೆ ದಿನವಿಡೀ ನಿಲ್ಲಿಸೋದು ಕಷ್ಟ, ಆದರೂ ಮಧ್ಯಾಹ್ನದ ಏರಿಕೆ ತಗ್ಗಿಸಬಹುದು. ಸಸಿ ಗೇಣುದ್ದ ಆದ ಮೇಲೆ ಸಾಲಿನ ನಡುವೆ ಕಬ್ಬಿನ ರವದಿ (ಒಣ ಸೋಗೆ) ಹಾಸುತ್ತೇನೆ. ಅದಕ್ಕಿಂತ ಮೊದಲು ಹಾಸಬೇಡಿ, ಎಳೆ ಸಸಿ ಕೆಳಗೇ ಸಿಕ್ಕಿಬೀಳುತ್ತದೆ. ನೀರು ಸಂಜೆ ಬಿಡುತ್ತೇನೆ, ತೆಳ್ಳಗೆ. ಎಲೆ ಹರಡಿ ನೆಲ ಮುಚ್ಚಿದರೆ ಅದೇ ನೆರಳು.

ನಾಂಟೀಸ್ ತಳಿಗೆ ತಂಪು ಬೇಕೇ ಬೇಕು. ಬೇಗ ಬಿತ್ತೋರು ಬಿಸಿ ತಡೆಯುವ ಪೂಸಾ ರುಧಿರದಂಥ ದೇಸಿ ಜಾತಿ ನೋಡಿ.

ಬೇರೆ ಗಡ್ಡೆ ಬೆಳೆಗೂ ಮಣ್ಣಿನ ಬಿಸಿ ತಟ್ಟುತ್ತದೆ. ಮೂಲಂಗಿ ಬಿಸಿ ಮಣ್ಣಿನಲ್ಲಿ ಖಾರವಾಗುತ್ತದೆ, ಒಳಗೆ ಬೆಂಡಾಗುತ್ತದೆ. ಬಿಸಿಯಲ್ಲಿ ಬೆಳೆದ ಬೀಟ್‌ರೂಟ್ ಹೆಚ್ಚಿದರೆ ಒಳಗೆ ಬಿಳಿ ಉಂಗುರ ಕಾಣುತ್ತದೆ. ಆಲೂಗಡ್ಡೆ 30 ಡಿಗ್ರಿ ಹತ್ತಿರ ಹೋದರೆ ಗಡ್ಡೆ ಕಟ್ಟೋದನ್ನೇ ನಿಲ್ಲಿಸುತ್ತದೆ. ಗೆಣಸು ಮಾತ್ರ ಉಲ್ಟಾ, ಅದಕ್ಕೆ ಬೆಚ್ಚನೆ ಮಣ್ಣೇ ಬೇಕು. ಅದಕ್ಕೇ ಮಾರ್ಚ್ ಬಂತೆಂದರೆ ನಾನು ಉಳಿದ ಗಜ್ಜರಿಯೆಲ್ಲ ಕಿತ್ತು, ಅದೇ ಬೋದಿನಲ್ಲಿ (ಏರುಮಣ್ಣಿನ ಸಾಲಿನಲ್ಲಿ) ಗೆಣಸಿನ ಬಳ್ಳಿ ಊರುತ್ತೇನೆ.