ಮೂಡಲ್‌ನಲ್ಲಿ ಕೋರ್ಸ್ ಕಟ್ಟುವವರು ಮೊದಲು ಗ್ರೇಡ್‌ಬುಕ್ ತೆರೆಯಿರಿ

ಆನ್‌ಲೈನ್ ಪಾಠ, ಪರೀಕ್ಷೆ, ಅಂಕಗಳಿಗೆ ಕಾಲೇಜುಗಳು ಬಳಸುವ ಮೂಡಲ್ ತಂತ್ರಾಂಶದಲ್ಲಿ ಕೋರ್ಸ್ ಸಿಕ್ಕ ಕೂಡಲೇ ಬಹಳಷ್ಟು ಅಧ್ಯಾಪಕರು ಮಾಡುವ ಮೊದಲ ಕೆಲಸ ಪಿಡಿಎಫ್‌ಗಳನ್ನು ಏರಿಸುವುದು. ಅದಕ್ಕೆ ಆತುರವಿಲ್ಲ. ನೋಟ್ಸ್ ಯಾವತ್ತು ಬೇಕಾದರೂ ಹಾಕಬಹುದು, ತಪ್ಪಿದ್ದರೆ ಅದೇ ಕೊಂಡಿಯಲ್ಲಿ ಫೈಲ್ ಬದಲಿಸಬಹುದು. ಎಲ್ಲರ ಅಂಕ, ಮೊತ್ತ ಕೂಡಿಡುವ ಪುಟವಾದ ಗ್ರೇಡ್‌ಬುಕ್‌ನ ಲೆಕ್ಕ ಹಾಗಲ್ಲ. ಸೆಮಿಸ್ಟರ್ ನಡುವೆ ಅದನ್ನು ಮುಟ್ಟಿದರೆ ವಿದ್ಯಾರ್ಥಿಗಳು ಆಗಲೇ ನೋಡಿಕೊಂಡಿರುವ ಮೊತ್ತ ಏರುಪೇರಾಗುತ್ತದೆ, ಆಮೇಲೆ ಆ ಪುಟವನ್ನು ಯಾರೂ ನಂಬುವುದಿಲ್ಲ.

ಗ್ರೇಡ್‌ಬುಕ್‌ನಲ್ಲಿ ಮೊತ್ತ ಕಟ್ಟುವ ಡೀಫಾಲ್ಟ್ ವಿಧಾನದ ಹೆಸರು 'ನ್ಯಾಚುರಲ್'. ಯಾವುದರ ಗರಿಷ್ಠ ಅಂಕ ಹೆಚ್ಚೋ ಅದರ ತೂಕವೇ ಹೆಚ್ಚು. ಹೊಸ ಅಸೈನ್‌ಮೆಂಟ್ ಸಾಮಾನ್ಯವಾಗಿ 100 ಅಂಕಕ್ಕೆ ತೆರೆದುಕೊಳ್ಳುತ್ತದೆ. ಎರಡು ಪುಟದ ಹೋಮ್‌ವರ್ಕನ್ನು ಹಾಗೇ 100ಕ್ಕೆ ಬಿಟ್ಟು, ಮಧ್ಯಾವಧಿ ಪರೀಕ್ಷೆಯನ್ನು 50ಕ್ಕೆ ಇಟ್ಟರೆ ಹೋಮ್‌ವರ್ಕ್‌ಗೆ ಪರೀಕ್ಷೆಯ ಎರಡರಷ್ಟು ತೂಕ ಬಂದುಬಿಡುತ್ತದೆ. ಹಾಗಾಗಿ ಪಠ್ಯಕ್ರಮದಲ್ಲಿ ಹೇಳಿರುವ ಅಂಕವನ್ನೇ ಪ್ರತಿಯೊಂದಕ್ಕೂ ಗರಿಷ್ಠವಾಗಿ ಕೊಟ್ಟು ಮುಂದಕ್ಕೆ ಹೋಗಿ.

ಇದಕ್ಕಿಂತ ಹೆಚ್ಚು ಕಣ್ಣು ತಪ್ಪಿಸುವುದು 'ಎಕ್ಸ್‌ಕ್ಲೂಡ್ ಎಂಪ್ಟಿ ಗ್ರೇಡ್ಸ್', ಅಂದರೆ ಅಂಕ ಖಾಲಿ ಇರುವುದನ್ನು ಮೊತ್ತದ ಲೆಕ್ಕಕ್ಕೆ ಸೇರಿಸದಿರುವ ಆಯ್ಕೆ. ತಲಾ 20 ಅಂಕದ ಐದು ಅಸೈನ್‌ಮೆಂಟ್ ಇವೆ ಎನ್ನಿ. ಒಬ್ಬ ವಿದ್ಯಾರ್ಥಿನಿ ಎರಡನ್ನಷ್ಟೇ ಕೊಟ್ಟು ಎರಡರಲ್ಲೂ 18 ಪಡೆದಿದ್ದಾಳೆ. ಉಳಿದ ಮೂರು ಖಾಲಿ. ಈ ಆಯ್ಕೆ ಚಾಲೂ ಇದ್ದರೆ ಅವಳಿಗೆ ಕಾಣುವುದು 40ಕ್ಕೆ 36, ಅಂದರೆ ಶೇ. 90. ನಿಜವಾದ ಲೆಕ್ಕ 100ಕ್ಕೆ 36. ಸೆಮಿಸ್ಟರ್ ಪೂರ್ತಿ ನೆಮ್ಮದಿಯಾಗಿದ್ದವಳಿಗೆ ಕೊನೆಯ ವಾರ ಆಘಾತ. ಆಯ್ಕೆಯನ್ನು ಆಫ್ ಮಾಡಿದರೆ ಮೊದಲ ವಾರದಿಂದಲೇ ಎಲ್ಲರೂ ಫೇಲ್ ಆದಂತೆ ಕಾಣುತ್ತಾರೆ, ಅದೂ ಒಳ್ಳೆಯದಲ್ಲ. ಚಾಲೂ ಇಟ್ಟುಕೊಂಡೇ, ಪ್ರತಿ ಗಡುವು ಮುಗಿದ ಮೇಲೆ ಕೊಡದವರಿಗೆ ಸೊನ್ನೆ ತುಂಬುವುದು ಸರಿಯಾದ ದಾರಿ. ಗ್ರೇಡ್‌ಬುಕ್‌ನ 'ಸಿಂಗಲ್ ವ್ಯೂ' ಪುಟದಲ್ಲಿರುವ 'ಬಲ್ಕ್ ಇನ್ಸರ್ಟ್'ನಲ್ಲಿ ಖಾಲಿ ಜಾಗಗಳಿಗೆಲ್ಲ ಒಮ್ಮೆಗೇ 0 ಹಾಕಬಹುದು. ಒಂದು ಎಚ್ಚರ: ಹೀಗೆ ಹಾಕಿದ ಅಂಕಕ್ಕೆ 'ಓವರ್‌ರೈಡ್' ಗುರುತು ಬೀಳುತ್ತದೆ, ಅಂದರೆ ಕೈಯಾರೆ ಹಾಕಿದ ಅಂಕವೇ ನಿಲ್ಲುತ್ತದೆ. ಆಮೇಲೆ ಯಾರಿಗಾದರೂ ಗಡುವು ವಿಸ್ತರಿಸಿ, ಅಸೈನ್‌ಮೆಂಟ್ ಪುಟದಲ್ಲಿ 15 ಕೊಟ್ಟರೂ ಗ್ರೇಡ್‌ಬುಕ್‌ನಲ್ಲಿ ಸೊನ್ನೆಯೇ ಕೂತಿರುತ್ತದೆ. ಅವರ ಸಾಲಿನ ಓವರ್‌ರೈಡ್ ಟಿಕ್ ತೆಗೆದರೆ ಸರಿಹೋಗುತ್ತದೆ.

ಗಡುವಿನ ವಿಷಯದಲ್ಲಿ ಜಗಳ ಹುಟ್ಟುವುದು ಎರಡು ಕಡೆ. 'ಡ್ಯೂ ಡೇಟ್' ಬಾಗಿಲು ಮುಚ್ಚುವುದಿಲ್ಲ. ಅದು ದಾಟಿದ ಮೇಲೂ ಸಲ್ಲಿಸಬಹುದು, ತಡವಾಗಿದೆ ಎಂಬ ಗುರುತು ಬೀಳುತ್ತದೆ ಅಷ್ಟೇ. ಬಾಗಿಲು ಮುಚ್ಚುವುದು 'ಕಟ್-ಆಫ್ ಡೇಟ್'. ಎರಡರ ನಡುವೆ ಎರಡು ದಿನ ಬಿಡಿ, ತಡವಾದರೆ ಎಷ್ಟು ಅಂಕ ಕಡಿತ ಎಂದು ಅಸೈನ್‌ಮೆಂಟ್ ವಿವರಣೆಯಲ್ಲೇ ಬರೆಯಿರಿ. ಇನ್ನೊಂದು, 'ಸೋಮವಾರ 00:00' ಎಂದು ಇಟ್ಟರೆ ಅದು ಭಾನುವಾರ ಮುಗಿಯುವ ಕ್ಷಣ. ಅರ್ಧ ತರಗತಿ ಸೋಮವಾರ ರಾತ್ರಿ ಎಂದುಕೊಂಡಿರುತ್ತದೆ. ಸಂಜೆ 5 ಗಂಟೆ ಇಡುವುದು ಮೇಲು: ಅಪ್‌ಲೋಡ್ ಆಗದಿದ್ದರೆ ಕೇಳಲು ಯಾರಾದರೂ ಎಚ್ಚರವಿರುತ್ತಾರೆ.

'ಸಬ್‌ಮಿಟ್ ಬಟನ್ ಒತ್ತಲೇಬೇಕು' ಎಂಬ ಆಯ್ಕೆಯನ್ನು 'ಯೆಸ್' ಮಾಡಿದರೆ, ಫೈಲ್ ಏರಿಸಿ ಬಟನ್ ಒತ್ತದವರ ಕೆಲಸ ಡ್ರಾಫ್ಟ್ ಆಗಿಯೇ ಉಳಿಯುತ್ತದೆ. ಬೇಕೇಬೇಕು ಅನ್ನಿಸದಿದ್ದರೆ 'ನೋ' ಇರಲಿ.

ಕ್ವಿಜ್‌ನಲ್ಲಿ ಎರಡು ಡೀಫಾಲ್ಟ್‌ಗಳು ಸೇರಿ ಕೆಡಿಸುತ್ತವೆ. ಪ್ರಯತ್ನಗಳ ಸಂಖ್ಯೆ ಅನಿಯಮಿತ. ಜೊತೆಗೆ ಕ್ವಿಜ್ ಸಲ್ಲಿಸಿದ ತಕ್ಷಣ ಸರಿ ಉತ್ತರವೂ ಕಾಣುತ್ತದೆ. ಮೊದಲ ಸಲ ನೋಡಿಕೊಂಡು ಎರಡನೇ ಸಲ ಪೂರ್ತಿ ಅಂಕ. ಅಭ್ಯಾಸಕ್ಕಾದರೆ ಇದು ಒಳ್ಳೆಯದೇ, ಹಾಗೇ ಬಿಡಿ. ಅಂಕಕ್ಕಾದರೆ ಪ್ರಯತ್ನ 1 ಮಾಡಿ, 'ರಿವ್ಯೂ ಆಪ್ಷನ್ಸ್'ನಲ್ಲಿ ಸರಿ ಉತ್ತರವನ್ನು ಕ್ವಿಜ್ ಮುಚ್ಚಿದ ನಂತರದ ಕಾಲಂನಲ್ಲಿ ಮಾತ್ರ ಟಿಕ್ ಮಾಡಿ. ಪ್ರಶ್ನೆಗಳನ್ನು ಅಧ್ಯಾಯವಾರು ವರ್ಗಗಳಲ್ಲಿಟ್ಟು, 30 ಪ್ರಶ್ನೆಗಳಿಂದ 10ನ್ನು ಯಾದೃಚ್ಛಿಕವಾಗಿ ಎತ್ತಿಕೊಳ್ಳುವಂತೆ ಮಾಡಿದರೆ ಪಕ್ಕದವರ ಪರದೆ ನೋಡಿ ಹೆಚ್ಚು ಪ್ರಯೋಜನವಿಲ್ಲ. ಸಮಯಮಿತಿ 30 ನಿಮಿಷ, ಮುಚ್ಚುವ ಹೊತ್ತು 11:00 ಎಂದಿದ್ದರೆ 10:45ಕ್ಕೆ ಶುರು ಮಾಡಿದವರಿಗೆ ಸಿಗುವುದು 15 ನಿಮಿಷ. ಇದನ್ನು ಮೊದಲೇ ಹೇಳಿ. ಹೆಚ್ಚುವರಿ ಸಮಯ ಬೇಕಾದವರಿಗೆ, ಅವರಿಗಷ್ಟೇ ಬೇರೆ ಸಮಯ ಕೊಡುವ 'ಯೂಸರ್ ಓವರ್‌ರೈಡ್' ಇದೆ.

ಎಲ್ಲ ಆದ ಮೇಲೆ ವಿದ್ಯಾರ್ಥಿಯ ಕಣ್ಣಲ್ಲಿ ನೋಡಿ. ನಿಮ್ಮ ಪಾತ್ರವನ್ನು ವಿದ್ಯಾರ್ಥಿಯದಾಗಿ ಬದಲಿಸುವ 'ಸ್ವಿಚ್ ರೋಲ್', ಪುಟ ಹೇಗೆ ಕಾಣುತ್ತದೆ ಎಂದಷ್ಟೇ ತೋರಿಸುತ್ತದೆ. ಗ್ರೇಡ್‌ಬುಕ್‌ನಲ್ಲಿ ನಿಮ್ಮ ಸಾಲು ಇರುವುದಿಲ್ಲ. ನಿರ್ವಾಹಕರನ್ನು ಕೇಳಿ ಒಂದು ಪರೀಕ್ಷಾ ಖಾತೆ ಮಾಡಿಸಿಕೊಂಡು, ಅದರಿಂದ ಒಂದು ಅಸೈನ್‌ಮೆಂಟ್ ಸಲ್ಲಿಸಿ, ಒಂದು ಕ್ವಿಜ್ ಬರೆದು, ಮೊತ್ತ ಸರಿಯಾಗಿ ಬಂತೇ ನೋಡಿ. ಫೋನ್‌ನಿಂದಲೂ ಒಮ್ಮೆ ಮಾಡಿ. ಫೋಟೋ ತೆಗೆದು ಮಾಡಿದ ಪಿಡಿಎಫ್ ದೊಡ್ಡದಾಗುತ್ತದೆ, ಫೈಲ್ ಗಾತ್ರದ ಮಿತಿ ಚಿಕ್ಕದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮುಂದಿನ ಬ್ಯಾಚ್‌ಗೆ ಅದೇ ಕೋರ್ಸ್ ಬಳಸುವುದಾದರೆ ಮೊದಲು ಬ್ಯಾಕಪ್, ಆಮೇಲೆ 'ರೀಸೆಟ್'. ರೀಸೆಟ್‌ನಲ್ಲಿ ಆಯ್ಕೆ ಮಾಡಿದ ಹಳೆಯ ಸಲ್ಲಿಕೆ, ಅಂಕಗಳೆಲ್ಲ ಅಳಿಸಿಹೋಗುತ್ತವೆ. ಹೊಸ ಆರಂಭದ ದಿನಾಂಕವನ್ನು ಅಲ್ಲೇ ಕೊಟ್ಟರೆ ಚಟುವಟಿಕೆಗಳ ಗಡುವುಗಳೂ ಅಷ್ಟೇ ದಿನ ಮುಂದಕ್ಕೆ ಸರಿಯುತ್ತವೆ. ರಜೆಯ ಮೇಲೆ ಬಿದ್ದಿರುವ ಗಡುವುಗಳನ್ನು ಮಾತ್ರ ಕೈಯಾರೆ ತಿದ್ದಬೇಕು.