ಕಳೆದುಕೊಂಡವರ ಮಾತನ್ನೂ ಕೇಳಬೇಕು: ಪರಿವೀಕ್ಷಣಾಧಿಕಾರಿಯಾಗಿ ನನ್ನ ಅನುಭವ

ಕಳ್ಳತನದಂಥ ಆರೋಪದ ಮೇಲೆ ಹುಡುಗನೊಬ್ಬ ಬಾಲ ನ್ಯಾಯ ಮಂಡಳಿಯ (18 ತುಂಬದವರ ಪ್ರಕರಣ ನೋಡುವ ಮಂಡಳಿ) ಮುಂದೆ ಬಂದರೆ 15 ದಿನದೊಳಗೆ ಅವನ ಸಾಮಾಜಿಕ ತನಿಖಾ ವರದಿ ಕೊಡಬೇಕು. ಪರಿವೀಕ್ಷಣಾಧಿಕಾರಿಯಾಗಿ, ಅಂದರೆ ಪ್ರೊಬೇಷನ್ ಆಫೀಸರ್ ಆಗಿ, ಅದು ನನ್ನ ಕೆಲಸ. ಮನೆಯಲ್ಲಿ ಯಾರಿದ್ದಾರೆ, ಶಾಲೆ ಯಾವಾಗ ಬಿಟ್ಟ, ಯಾರ ಜೊತೆ ಓಡಾಡುತ್ತಾನೆ, ಮನೆಯಲ್ಲಿ ಕುಡಿತ ಇದೆಯಾ, ಹೊಡೆತ ಇದೆಯಾ, ಎಲ್ಲ ಕೇಳಿ ಬರೆಯುತ್ತೇನೆ. ವರದಿ ಪೂರ್ತಿ ಹುಡುಗನ ಬಗ್ಗೆ. ಅದು ಹಾಗೇ ಇರಬೇಕು ಕೂಡ. ಆದರೆ ವಸ್ತು ಕಳೆದುಕೊಂಡವರು ಸಾಕ್ಷಿ ಹೇಳಿ ಮನೆಗೆ ಹೋಗಿಬಿಡುತ್ತಾರೆ. ಅವರ ಪಾಡೇನಾಯಿತು ಅಂತ ಹುಡುಗನಿಗೆ ಗೊತ್ತೇ ಆಗುವುದಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸುವ ಕೆಲಸಕ್ಕೆ ನಾನು ಕೈ ಹಾಕಿದ್ದು ಇದಕ್ಕೇ.

ನ್ಯೂಜಿಲೆಂಡ್‌ನಲ್ಲಿ 1989ರಿಂದ ಕಾನೂನೇ ಇಂಥ ಸಭೆಗೆ ಜಾಗ ಕೊಟ್ಟಿದೆ. ಮನೆಮಂದಿಯೆಲ್ಲ ಕೂತು ತೀರ್ಮಾನ ಮಾಡುವ ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಪದ್ಧತಿ ಅದರ ಬೇರು. ನಮ್ಮ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅಂಥ ಸಭೆಗೆ ಅಂತಲೇ ಒಂದು ಕಲಂ ಇಲ್ಲ. ಆದರೆ 18ನೇ ಕಲಂ ಮಂಡಳಿಗೆ ಸಾಕಷ್ಟು ದಾರಿ ಬಿಟ್ಟಿದೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಸನ್ನಡತೆಯ ಷರತ್ತಿನ ಮೇಲೆ ಹೆತ್ತವರ ಸುಪರ್ದಿಗೆ ಬಿಡಬಹುದು. ಸಭೆಯಲ್ಲಿ ಇಬ್ಬರೂ ಒಪ್ಪಿದ್ದನ್ನು ನಾನು ಬರೆದು ಮಂಡಳಿಯ ಮುಂದಿಡುತ್ತೇನೆ. ಆದೇಶ ಅವರದ್ದು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹುಡುಗ ತಪ್ಪು ಮಾಡಿದ್ದಾನೆ ಅಂತ ಮಂಡಳಿ ತೀರ್ಮಾನಕ್ಕೆ ಬರುವ ಮೊದಲು ಸಭೆ ಇಲ್ಲ. ಅಲ್ಲಿಯವರೆಗೆ ಅವನು ನಿರಪರಾಧಿ ಅಂತಲೇ ಕಾನೂನು ಹೇಳುತ್ತದೆ. ಸಭೆಯ ಹೆಸರಲ್ಲಿ ಅವನ ಬಾಯಿ ಬಿಡಿಸುವುದು ಅನ್ಯಾಯ.

ಮಂಡ್ಯ ಸೀಮೆಯ ಒಂದು ಪ್ರಕರಣ ಹೇಳುತ್ತೇನೆ. 74ನೇ ಕಲಂ ಪ್ರಕಾರ ಮಕ್ಕಳ ಗುರುತು ಹೊರಗೆ ಬರಬಾರದು, ಹಾಗಾಗಿ ಕೆಲವು ವಿವರ ಬದಲಿಸಿದ್ದೇನೆ. 16ರ ಹುಡುಗ. ಎಳನೀರು ಮಾರುವ ಹಿರಿಯರೊಬ್ಬರ ಟಿವಿಎಸ್ ಎಕ್ಸ್‌ಎಲ್ ಎತ್ತಿಕೊಂಡು ಹೋಗಿದ್ದ. ಪೆಟ್ರೋಲ್ ಮುಗಿಯುವವರೆಗೆ ಸುತ್ತಾಡಿ ನಾಲೆ ಏರಿ ಮೇಲೆ ಬಿಟ್ಟು ಬಂದಿದ್ದ. ಗಾಡಿ ಸಿಕ್ಕಿತಲ್ಲ, ಇನ್ನೇನು ಅನ್ನುವುದು ಅವನ ಲೆಕ್ಕ.

ನಾನು ಮೊದಲು ಹಿರಿಯರ ಮನೆಗೆ ಹೋದೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಇರುವುದೇ ಸಭೆಗೆ ಮೊದಲು. ಬರಲೇಬೇಕು ಅಂತ ಒತ್ತಾಯ ಮಾಡುವುದಿಲ್ಲ, ಕ್ಷಮಿಸಿ ಅಂತ ಕೇಳುವುದಿಲ್ಲ. ಸುಮ್ನೆ ಕೂತು ಕೇಳುತ್ತೇನೆ. ಅವರು ಹೇಳಿದ್ದು ಇಷ್ಟು: ಗಾಡಿ ಸಿಕ್ಕಿದ ಮೇಲೂ ಜಪ್ತಿಯಾಗಿ ಸ್ಟೇಷನ್ ಅಂಗಳದಲ್ಲೇ ನಿಂತಿತ್ತು. ಬಿಡಿಸಿಕೊಳ್ಳಲು ಅಲೆದರು. ಅಲ್ಲಿಯವರೆಗೆ ಮದ್ದೂರು ಮಾರ್ಕೆಟ್ಟಿಂದ ಕಾಯಿ ತರಲು ಆಟೋ ಬಾಡಿಗೆ. ಗೊನೆ ಕಟ್ಟಲು ಹಿಂದೆ ಹಾಕಿಸಿದ್ದ ಕಬ್ಬಿಣದ ಸ್ಟ್ಯಾಂಡ್ ಮಾಯ. ಇದೆಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. "ನಮ್ಗೆ ಆಗ್ದೋರು ಯಾರೋ ಹೇಳಿ ಮಾಡ್ಸವ್ರೆ ಅಂತ ನಿದ್ದೆ ಬರ್ನಿಲ್ಲ ಕನವ್ವ" ಅಂದರು.

ಹುಡುಗನ ಹತ್ತಿರ "ಯಾಕೋ ಮಾಡ್ದೆ?" ಅಂತ ನಾನು ಶುರು ಮಾಡುವುದಿಲ್ಲ. ಹಾಗೆ ಕೇಳಿದರೆ ತಲೆ ತಗ್ಗುತ್ತದೆ, ಮಾತು ನಿಲ್ಲುತ್ತದೆ. ಅವತ್ತು ಬೆಳಿಗ್ಗೆಯಿಂದ ಏನೇನಾಯಿತು ಅಂತ ಕೇಳುತ್ತೇನೆ. ಶಾಲೆಯಲ್ಲಿ ಬೈಸಿಕೊಂಡು ಹೊರಗೆ ಬಂದಿದ್ದು, ಬಸ್‌ಸ್ಟ್ಯಾಂಡಲ್ಲಿ ಕೂತಿದ್ದು, ಕೀ ಗಾಡಿಯಲ್ಲೇ ಇದ್ದಿದ್ದು, ಸ್ಟ್ಯಾಂಡ್ ಭಾರ ಅಂತ ಬೋಲ್ಟ್ ಬಿಚ್ಚಿ ನಾಲೆಗೆ ಎಸೆದಿದ್ದು, ಎಲ್ಲ ತಾನಾಗೇ ಹೊರಗೆ ಬಂತು.

ಸಭೆಗೆ ಐದೇ ಜನ: ಹುಡುಗ, ಅವನ ಅಪ್ಪ, ಸೋದರಮಾವ, ಆ ಹಿರಿಯರು, ನಾನು. ಊರಿನ ಮುಖಂಡರನ್ನು ಕರೆಯುವುದಿಲ್ಲ. ನ್ಯಾಯದ ಕಟ್ಟೆಯಲ್ಲಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಹತ್ತು ಜನರ ಎದುರು ಹುಡುಗನಿಗೆ ಎರಡು ಏಟು, ಕಾಲಿಗೆ ಬೀಳಿಸುವುದು, ದಂಡ. ಹುಡುಗನ ಮನಸ್ಸಲ್ಲಿ ಉಳಿಯುವುದು ಅವಮಾನ ಒಂದೇ. ಇಲ್ಲೂ ಅಪ್ಪ ಬಂದವರೇ ಮಗನ ಕುತ್ತಿಗೆ ಹಿಡಿದು "ಬೀಳೋ ಕಾಲ್ಗೆ" ಅಂದರು. "ಬೇಡಿ ಅಣ್ಣ, ಕೂತ್ಕೊಳ್ಳಿ. ಮೊದಲು ಯಜಮಾನರು ಮಾತಾಡಲಿ" ಅಂದೆ.

ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ. "ನನ್ ಗಾಡೀನೇ ಯಾಕ್ಲಾ ಎತ್ಕಂಡೋದೆ? ಯಾರಾದ್ರೂ ಹೇಳಿದ್ರಾ?"

"ಇಲ್ಲ ತಾತ. ಕೀ ಅದ್ರಲ್ಲೇ ಇತ್ತು. ಯಾರ್ದು ಅಂತಾನೂ ಗೊತ್ತಿರ್ನಿಲ್ಲ."

ಹಿರಿಯರು ಟವೆಲ್ ತೆಗೆದು ಮುಖ ಒರೆಸಿಕೊಂಡರು. ತಿಂಗಳುಗಟ್ಟಲೆ ಯಾರ ಯಾರ ಮೇಲೋ ಅನುಮಾನ ಪಟ್ಟಿದ್ದರು. ಆಮೇಲೆ ಆಟೋ ಬಾಡಿಗೆಯ ಲೆಕ್ಕ ಹೇಳಿದರು, ಬಿಸಿಲಲ್ಲಿ ಸ್ಟೇಷನ್ ಬಾಗಿಲಲ್ಲಿ ಕಾದಿದ್ದನ್ನು ಹೇಳಿದರು. ಹುಡುಗ ತಲೆ ಎತ್ತಿ ಕೇಳಿದ. ಸ್ಟ್ಯಾಂಡ್ ಮಾಡಿಸಿಕೊಡುತ್ತೇನೆ ಅಂತ ಮೊದಲು ಹೇಳಿದ್ದು ಅವನೇ. ಸೋದರಮಾವನದ್ದು ವೆಲ್ಡಿಂಗ್ ಅಂಗಡಿ. ಅಳತೆಗೆ ಗಾಡಿ ತರಬೇಕು ಅಂದಾಗ ಹಿರಿಯರು, "ಆಯ್ತು, ಮಾಡ್ಸು. ಮಿಕ್ಕಿದ್ದು ಆಮೇಲೆ ನೋಡಾನ" ಅಂದರು. ಕ್ಷಮಿಸಿದ್ದೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕ್ಷಮೆಯನ್ನು ಒಪ್ಪಂದದಲ್ಲಿ ಬರೆಸುವುದು ನನಗೆ ಸರಿ ಕಾಣುವುದಿಲ್ಲ. ಬಾಡಿಗೆ ದುಡ್ಡನ್ನು ಅಪ್ಪ ಕಂತಿನಲ್ಲಿ ಕೊಡುವುದು, ಹುಡುಗ ಶಾಲೆಗೆ ವಾಪಸ್ ಹೋಗುವುದು, ಇವೂ ಒಪ್ಪಿಗೆಯಾದವು.

ಮಂಡಳಿ ಅವನನ್ನು ಒಂದು ವರ್ಷ ಸನ್ನಡತೆಯ ಮೇಲೆ ಅಪ್ಪನ ಸುಪರ್ದಿಗೆ ಬಿಟ್ಟಿತು. ನಿಗಾ ನನ್ನದು. ಕಷ್ಟದ ಕೆಲಸ ಶುರುವಾಗಿದ್ದು ಆಗಲೇ. ಶಾಲೆಯವರು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದರು. ಪತ್ರ ಬರೆದೆ, ಹೋಗಿ ಕೂತೆ, ಕೊನೆಗೆ ಒಪ್ಪಿದರು. ಅವನು ಹತ್ತನೇ ಕ್ಲಾಸ್ ಮುಗಿಸಿ ಐಟಿಐಗೆ ಅರ್ಜಿ ಹಾಕುವಾಗ ಅಪ್ಪ ಗಾಬರಿಯಾಗಿ ಫೋನ್ ಮಾಡಿದರು: "ಮೇಡಂ, ಕೇಸ್ ಇತ್ತು ಅಂತ ಬರೀಬೇಕಾ? ಮುಂದೆ ಕೆಲ್ಸಕ್ಕೆ ತೊಂದ್ರೆ ಆಗುತ್ತಾ?" 24ನೇ ಕಲಂ ಓದಿ ಹೇಳಿದೆ. ಈ ಪ್ರಕರಣದಿಂದ ಅವನಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ. ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೂ ನಾಶ ಮಾಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅದಾಗಿದೆಯಾ ಅಂತ ಮಂಡಳಿಯ ಕಚೇರಿಯಲ್ಲಿ ವಿಚಾರಿಸುವುದನ್ನೂ ನನ್ನ ಕೆಲಸದ ಪಟ್ಟಿಗೆ ಸೇರಿಸಿಕೊಂಡಿದ್ದೇನೆ.