ಕೊಫಿಯ ಪತ್ರಕ್ಕೆ ಗವರ್ನರ್ ಒಪ್ಪಿದ್ದರೆ: ನಾನು ಕಥೆ ಬರೆದ ಬಗೆ

ಗುಲಾಮರ ದಂಗೆ ಗೆದ್ದ ಪರ್ಯಾಯ ಇತಿಹಾಸ ಬರೆಯಬೇಕು ಅಂದುಕೊಂಡಾಗ ಮೊದಲು ನೆನಪಾದದ್ದು ಹೈಟಿ. ಅಲ್ಲಿ ಅವರು ನಿಜವಾಗಿಯೇ ಗೆದ್ದಿದ್ದಾರೆ, ನನಗೇನು ಕೆಲಸ? ಹಾಗಾಗಿ ದಕ್ಷಿಣ ಅಮೆರಿಕದಲ್ಲಿ, ಈಗಿನ ಗಯಾನಾದಲ್ಲಿರುವ ಬರ್ಬೀಸ್‌ಗೆ ಹೋದೆ. ಡಚ್ಚರ ಆ ವಸಾಹತಿನಲ್ಲಿ 1763ರ ಫೆಬ್ರವರಿಯಲ್ಲಿ ದಂಗೆ ಎದ್ದಾಗ ಬಿಳಿಯರು ಸುಮಾರು 350, ಗುಲಾಮರು ಹತ್ತಿರ ಹತ್ತಿರ 4,000.

ನಾಯಕ ಕೊಫಿ. ಶುಕ್ರವಾರ ಹುಟ್ಟಿದ ಗಂಡಿಗೆ ಪಶ್ಚಿಮ ಆಫ್ರಿಕಾದ ಅಕನ್ ಜನ ಇಡುವ ಹೆಸರು. ಟೈಪ್ ಮಾಡಿದಾಗಲೆಲ್ಲ ನನ್ನ ಮೊಬೈಲ್ ಅದನ್ನು ‘ಕಾಫಿ’ ಮಾಡುತ್ತಿತ್ತು. ಅಲ್ಲಿನ ತೋಟಗಳಲ್ಲಿ ಕಾಫಿಯನ್ನೂ ಬೆಳೆಯುತ್ತಿದ್ದರಲ್ಲ, ಪ್ರತಿ ಸಲ ತಿದ್ದುವಾಗಲೂ ಇರುಸುಮುರುಸಾಗುತ್ತಿತ್ತು.

ಕೊಫಿ ಗವರ್ನರ್ ಫಾನ್ ಹೋಗೆನ್‌ಹೈಮ್‌ಗೆ ಪತ್ರ ಬರೆಸಿ, ವಸಾಹತನ್ನು ಪಾಲು ಮಾಡಿಕೊಳ್ಳೋಣ ಅಂದ. ನದಿಯ ಮೇಲ್ಭಾಗ ತಮಗೆ, ಉಳಿದದ್ದು ಬಿಳಿಯರಿಗೆ. ಗವರ್ನರ್ ಹ್ಞೂಂ ಅನ್ನದೆ ಉಹ್ಞೂಂ ಅನ್ನದೆ, ಹೊರಗಿಂದ ಸೈನ್ಯ ಬರುವ ತನಕ ದಿನ ದೂಡಿದ. ಕೊಫಿ ಒಳಜಗಳದಲ್ಲಿ ಸೋತು ಪ್ರಾಣ ಕಳೆದುಕೊಂಡ. ನನ್ನ ಕಥೆಯಲ್ಲಿ ಸೈನ್ಯ ಬರುವುದಿಲ್ಲ, ಗವರ್ನರ್ ಸಹಿ ಹಾಕುತ್ತಾನೆ. ನಾನು ಬದಲಿಸಿದ್ದು ಅಷ್ಟೇ.

ಮೊದಲ ಕರಡಿನ ತುಂಬ ಡೋಲು, ಪಂಜು, ವಿಜಯೋತ್ಸವ. ಓದಿದರೆ ನನಗೇ ಆಕಳಿಕೆ. ಆಮೇಲೆ ಪತ್ರವನ್ನು ಮತ್ತೆ ಓದಿದೆ. ನಮ್ಮವರು ಇನ್ನು ಗುಲಾಮರಲ್ಲ ಅನ್ನುವ ಕೊಫಿ, ಗವರ್ನರ್‌ನ ಹಡಗುಗಳಲ್ಲಿರುವ ಕರಿಯರು ಮಾತ್ರ ಗುಲಾಮರಾಗಿಯೇ ಇರಬಹುದು ಅನ್ನುತ್ತಾನೆ! ಎರಡು ದಿನ ಒಂದಕ್ಷರ ಬರೆಯಲಾಗಲಿಲ್ಲ.

ವಿಜಯೋತ್ಸವವನ್ನೆಲ್ಲ ಕಿತ್ತುಹಾಕಿ, ಆ ಹಡಗಿನಲ್ಲಿ ನೀರು ಹೊರುವ ಒಬ್ಬಳನ್ನು ಹಿಡಿದುಕೊಂಡೆ. ಸಹಿ ಬಿದ್ದ ರಾತ್ರಿ ಅವಳು ನದಿಗೆ ಹಾರಿ, ದಡ ಸೇರಿ, ಮೇಲ್ಭಾಗದತ್ತ ನಡೆಯುತ್ತಾಳೆ. ಅಲ್ಲೇನಿದೆ? ಹೊಸ ನಾಡಿಗೆ ಕೋವಿಮದ್ದು ಬೇಕು, ಉಪ್ಪು ಬೇಕು. ಮಾರಲು ಇರುವುದು ಸಕ್ಕರೆ. ಕಬ್ಬು ಕಡಿಯುವವರು ಯಾರು? ಇಲ್ಲಿ ಹೈಟಿ ಕೈಹಿಡಿಯಿತು: ಅಲ್ಲಿನ ದಂಗೆಯ ನಾಯಕ ಟೂಸಾನ್‌ನ 1801ರ ಸಂವಿಧಾನ ಗುಲಾಮಗಿರಿಯನ್ನು ತೊಡೆದರೂ ಕೃಷಿ ಕೂಲಿಗಳನ್ನು ತೋಟಗಳಿಗೇ ಕಟ್ಟಿಹಾಕಿತ್ತು.

ಒಂದು ಅಧ್ಯಾಯವನ್ನು ಹೊಟ್ಟೆ ಉರಿದುಕೊಂಡೇ ತೆಗೆದೆ. 1838ರ ಮೇ 5ರಂದು, ಗುಲಾಮರ ಬದಲು ತೋಟಗಳಲ್ಲಿ ದುಡಿಯಲು ಭಾರತದ ಕೂಲಿಗಳನ್ನು ಹೊತ್ತ ‘ವಿಟ್‌ಬಿ’ ಹಡಗು ಬಂದದ್ದು ಇದೇ ಬರ್ಬೀಸ್‌ಗೆ. ನನ್ನ ಕಥೆಯಲ್ಲಿ ಅದು ಬರಬೇಕೋ ಬೇಡವೋ ಅಂತ ಮೂವತ್ತು ಪುಟ ವಾದಿಸಿದ್ದೆ. ಕಥೆ ಪ್ರಬಂಧವಾಗಿತ್ತು.

ಗಡಿಯಲ್ಲಿ ಕೊಫಿಯ ಕಾವಲಿನವನು ಅವಳನ್ನು ತಡೆದು ಕೇಳುತ್ತಾನೆ: “ಯಾವ ತೋಟದವಳು?” ಅವಳ ಉತ್ತರವನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಎಲ್ಲವೂ ಭಾಷಣದಂತೆ ಕೇಳಿಸುತ್ತಿದ್ದವು. ಕೊನೆಗೆ, ಹಡಗಿಗೆ ಹತ್ತಿಸುವ ಮೊದಲು ತಾನಿದ್ದ ತೋಟದ ಹೆಸರನ್ನೇ ಅವಳು ಹೇಳುತ್ತಾಳೆ. ಅವನು ಬರೆದುಕೊಳ್ಳುತ್ತಾನೆ.